ಕರ್ಣನ ಕುಂಡಲ, ಅವ್ವನ ಬೆಂಡೋಲೆ

ನಟ ಪಂಕಜ ಧೀರ್ 2025ರ ಅಕ್ಟೋಬರ್ 15ರಂದು ನಿಧನರಾದ ಸುದ್ದಿ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಗೊಳಸಂಗಿಯ ಒಂದು ಪಡಸಾಲೆ. ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ ಧಾರಾವಾಹಿಯಲ್ಲಿ ಕರ್ಣನಾಗಿದ್ದವರು ಅವರೇ. 1988ರ ಅಕ್ಟೋಬರ್ 2ರಿಂದ 1990ರ ಜೂನ್ 24ರವರೆಗೆ, ಒಟ್ಟು 94 ಕಂತುಗಳಲ್ಲಿ, ರವಿವಾರ ಮುಂಜಾನೆ ಅದು ದೂರದರ್ಶನದಲ್ಲಿ ಬರುತ್ತಿತ್ತು.

ನಮ್ಮ ಓಣಿಗೆಲ್ಲ ಇದ್ದದ್ದು ಒಂದೇ ಟಿ.ವಿ., ಅದೂ ಕಪ್ಪು-ಬಿಳುಪಿನದು. ಕರೆಂಟು ಹೋದರೆ ಟ್ರ್ಯಾಕ್ಟರಿನ ಬ್ಯಾಟರಿ ತಂದು ಜೋಡಿಸುವರು. ಚಿತ್ರ ನಡುಗಿದರೆ ಹುಡುಗನೊಬ್ಬ ಮಾಳಿಗೆ ಏರಿ ಆಂಟೆನಾ ತಿರುಗಿಸುವನು. ರಾಹಿ ಮಾಸೂಮ್ ರಜಾ ಅವರು ಬರೆದ ಆ ಸಂಸ್ಕೃತಮಯ ಹಿಂದಿ ನಮ್ಮವರಿಗೆ ತಿಳಿಯುತ್ತಿರಲಿಲ್ಲ. ಆದುದರಿಂದ ಮಾಸ್ತರಿಕೆಗೆ ಸೇರಿ ಕೆಲವೇ ವರ್ಷಗಳಾಗಿದ್ದ ನನ್ನನ್ನು ಮುಂದೆ ಕುಳ್ಳಿರಿಸಿ ಮಾತು ಮಾತಿಗೂ ಅರ್ಥ ಕೇಳುತ್ತಿದ್ದರು. ನಾನೂ ಕೊಂಚ ಬಿಂಕದಿಂದಲೇ ಹೇಳುತ್ತಿದ್ದೆನೆನ್ನಬೇಕು.

ಇಂದ್ರನು ಬ್ರಾಹ್ಮಣವೇಷದಲ್ಲಿ ಬಂದು ಕರ್ಣನ ಕವಚಕುಂಡಲಗಳನ್ನು ಬೇಡುವ ಕಂತು ಬಂದ ದಿನ ಪಡಸಾಲೆಯಲ್ಲಿ ಗದ್ದಲವೇ ಇರಲಿಲ್ಲ. ಕಂಬಕ್ಕೆ ಒರಗಿ ಕುಳಿತಿದ್ದ ಅವ್ವ ಕೇಳಿದಳು:

“ಬೇಡಾಕ ಬಂದಾಂವ ಯಾರಂತ ಅವಗ ಗೊತ್ತೈತೇನೋ?”

“ಗೊತ್ತೈತವ್ವ.”

“ಕೊಟ್ಟರ ತಾ ಸಾಯತೀನಿ ಅನ್ನೂದು?”

“ಅದೂ ಗೊತ್ತೈತಿ.”

ಅವ್ವ ಮುಂದೆ ಏನೂ ಕೇಳಲಿಲ್ಲ. ಕೈ ಮಾತ್ರ ತಾನಾಗಿ ಕಿವಿಗೆ ಹೋಯಿತು. ಅಲ್ಲಿ ಬೆಂಡೋಲೆ ಇರಲಿಲ್ಲ. ತೂತು ಮುಚ್ಚದಿರಲೆಂದು ಸಿಕ್ಕಿಸಿಕೊಂಡ ಬೇವಿನ ಕಡ್ಡಿ ಇತ್ತು.

ನಾನು 1984ರಲ್ಲಿ ಬಿ.ಎಡ್. ಓದಲು ಧಾರವಾಡಕ್ಕೆ ಹೊರಟಾಗ ಆ ಬೆಂಡೋಲೆಗಳು ಗಿರವಿಗೆ ಹೋಗಿದ್ದವು. ಅಪ್ಪನ ಜೋಳದ ಹೊಲ ಆ ವರ್ಷ ಕೈಕೊಟ್ಟಿತ್ತು. ನೌಕರಿ ಸಿಕ್ಕ ಮೇಲೆ ಮೊದಲು ಬಿಡಿಸಿಕೊಡುವೆನೆಂದು ನಾನೇ ಹೇಳಿದ್ದೆ. ನೌಕರಿ ಸಿಕ್ಕಿತು. ಸೈಕಲ್ಲು ಬಂತು, ಕೈಗಡಿಯಾರ ಬಂತು, ತಂಗಿಯ ಮದುವೆಯಾಯಿತು. ಬಡ್ಡಿ ಏರಿ ಗಿರವಿಯ ಮುದ್ದತ್ತೂ ಮುಗಿದುಹೋಯಿತು. ಆಕೆ ಒಮ್ಮೆಯೂ ಕೇಳಲಿಲ್ಲ. ನೆರೆಯ ಹೆಂಗಸರು ಕೇಳಿದರೆ, ಭಾರಕ್ಕೆ ಕಿವಿ ಹರಿಯುತ್ತದೆಂದು ತೆಗೆದಿಟ್ಟಿದ್ದೇನೆ ಎನ್ನುತ್ತಿದ್ದಳಂತೆ.

ಆ ತನಕ ಈ ಪ್ರಸಂಗವನ್ನು ನಾನು ತರಗತಿಯಲ್ಲಿ ‘ದಾನಶೂರ ಕರ್ಣ’ ಎಂಬ ಐದು ಅಂಕದ ಉತ್ತರವಾಗಿ ಕಲಿಸಿದ್ದೆ. ಆಮೇಲೆ ಮೂಲವನ್ನು ಹುಡುಕಿ ಓದಿದೆ. ವ್ಯಾಸಭಾರತದ ವನಪರ್ವದಲ್ಲಿ ಸೂರ್ಯನೇ ಕನಸಿನಲ್ಲಿ ಬಂದು ಮಗನನ್ನು ಎಚ್ಚರಿಸುತ್ತಾನೆ, ಕರ್ಣ ಕೇಳುವುದಿಲ್ಲ. ಪ್ರಾಣಕ್ಕಿಂತ ಕೀರ್ತಿಯೇ ತನಗೆ ಹೆಚ್ಚೆಂದು ಬಾಯಿಬಿಟ್ಟು ಹೇಳುತ್ತಾನೆ. ಕ್ರಿ.ಶ. 941ರ ನಮ್ಮ ಪಂಪನಂತೂ ಈ ಕಥೆಯನ್ನು ಮೊದಲ ಆಶ್ವಾಸದಲ್ಲಿಯೇ ಹೇಳಿ ಮುಂದೆ ಸಾಗುತ್ತಾನೆ. ಮೈಯ ಕವಚವನ್ನು ಕತ್ತರಿಸಿ ಕೊಟ್ಟುದರಿಂದ ‘ವೈಕರ್ತನ’ ಎಂಬ ಹೆಸರಾದರೂ ಕರ್ಣನಿಗೆ ದಕ್ಕಿತು. ಸುಳ್ಳು ಹೇಳಿ ಕೊಟ್ಟದ್ದನ್ನು ಮುಚ್ಚಿಟ್ಟವರಿಗೆ ಯಾವ ಹೆಸರು? ಇನ್ನೊಂದು ಮಾತು: ಕೊಟ್ಟವನ ಮೇಲೆ ನಾವು ಪುಟಗಟ್ಟಲೆ ಬರೆಸುತ್ತೇವೆ, ಪಡೆದವನ ಮೇಲೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಇಂದ್ರನಾದರೂ ಬದಲಿಗೆ ಒಂದು ಶಕ್ತ್ಯಾಯುಧವನ್ನು ಕೊಟ್ಟ. ಒಮ್ಮೆ ಮಾತ್ರ ಬಳಸಬಹುದಾದದ್ದು, ಅದೂ ಅರ್ಜುನನಿಗೆ ತಾಗದೆ ಘಟೋತ್ಕಚನ ಮೇಲೆ ವೆಚ್ಚವಾದದ್ದು; ಆದರೂ ಕೊಟ್ಟ. ನಾನು ಐದು ವರ್ಷ ಸಂಬಳ ಎಣಿಸುತ್ತಿದ್ದೆ.

ಸೋಮವಾರ ಶಾಲೆಗೆ ಹೋಗುವ ದಾರಿಯಲ್ಲೇ ಅಕ್ಕಸಾಲಿಗನ ಮನೆಗೆ ಹೋಗಿ ಹೊಸ ಬೆಂಡೋಲೆಗೆ ಹೇಳಿಬಂದೆ. ಹಣ ಕೂಡಲು ಮತ್ತಷ್ಟು ತಿಂಗಳು ಹಿಡಿಯಿತು. ಅವ್ವ ಅವನ್ನು ಹಾಕಿಕೊಂಡು ಬಾಗೇವಾಡಿಯ ಬಸವೇಶ್ವರ ಜಾತ್ರೆಗೆ ಹೋಗಿಬಂದಳು. ಮರುದಿನ ಬಿಚ್ಚಿ ನನ್ನ ಹೆಂಡತಿಯ ಕೈಯಲ್ಲಿಟ್ಟು, “ನನಗ ಕಡ್ಡೀನ ರೂಢಿ ಆಗೇತಿ” ಅಂದಳು. ನಾನು ಎಷ್ಟು ಹೇಳಿದರೂ ಮತ್ತೆ ತೊಡಲಿಲ್ಲ.

2020ರ ಮಾರ್ಚ್ 28ರಿಂದ, ಲಾಕ್‌ಡೌನಿನ ದಿನಗಳಲ್ಲಿ, ಡಿ.ಡಿ. ಭಾರತಿಯಲ್ಲಿ ಅದೇ ಧಾರಾವಾಹಿ ಮರುಪ್ರಸಾರವಾಯಿತು. ಈ ಸಲ ಬಣ್ಣದಲ್ಲಿ ನೋಡಿದೆ. ಅವ್ವ ಇರಲಿಲ್ಲ. ಆ ಕಂತು ಬಂದಾಗ ಮೊಮ್ಮಗಳು ಅರ್ಥ ಕೇಳಿದಳು, ಹೇಳಿದೆ. ಅವಳು ಕರ್ಣನನ್ನೇ ನೋಡುತ್ತಿದ್ದಳು. ನಾನು ಕೈಯೊಡ್ಡಿ ನಿಂತ ಮುದುಕನನ್ನು ನೋಡುತ್ತ ಕುಳಿತಿದ್ದೆ.