ಕೆಳದಿಯ ಬೆಳಗು, ಸ್ಯಾನ್ ಹೋಸೆಯ ಸಂಜೆ

ಕೆಳದಿಯ ನಮ್ಮ ಅತ್ತಿಗೆಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಿಂದ ಮಗಳ ಫೋನು ಬರುತ್ತಿದ್ದುದು ಭಾನುವಾರ ಬೆಳಿಗ್ಗೆ 6.30ಕ್ಕೆ. ಅಲ್ಲಿ ಆಗಿನ್ನೂ ಶನಿವಾರ ಸಂಜೆ 5. ವಾರದ ದಿನಸಿ ತಂದು ಅವಳು ಕುಳಿತಿರುತ್ತಿದ್ದಳು.

2008ರ ಮಾರ್ಚ್ 9ರಂದು ಅಮೆರಿಕದ ಗಡಿಯಾರಗಳು ಒಂದು ಗಂಟೆ ಮುಂದಕ್ಕೆ ಹೋದವು. ಮರುವಾರ ಫೋನು 5.30ಕ್ಕೇ ಬಂತು. ಅತ್ತಿಗೆ ಕೊಟ್ಟಿಗೆಯಲ್ಲಿದ್ದರು. ಆಮೇಲೆ ಏಳೂವರೆಯವರೆಗೆ ಜಗಲಿಯಲ್ಲೇ ಕಾದರು. ಆ ದಿನ ತಿಂಡಿ ಸೇರಲಿಲ್ಲ.

ಹಾಗೆ ನೋಡಿದರೆ ನಮ್ಮ ಗಡಿಯಾರವೂ ಸೂರ್ಯನದ್ದಲ್ಲ! ಭಾರತದ ವೇಳೆ 82.5 ಡಿಗ್ರಿ ರೇಖಾಂಶದ್ದು; ಕೆಳದಿ ಇರುವುದು ಸುಮಾರು 75ರಲ್ಲಿ. ಡಿಗ್ರಿಗೆ 4 ನಿಮಿಷ. ಮಕ್ಕಳೇ, ಲೆಕ್ಕ ಹಾಕಿ: ರಾಮೇಶ್ವರ ಗುಡಿಯ ಮೇಲೆ ನಡುಹಗಲಾಗುವುದು ಹನ್ನೆರಡೂವರೆಯ ಸುಮಾರಿಗೆ.

ಮರುವರ್ಷ ಮಾರ್ಚಿನಲ್ಲಿ ಅತ್ತಿಗೆ ಹಾಲು ಕರೆಯುವ ಹೊತ್ತನ್ನೇ ಬದಲಿಸಿದರು. ಹಸು ಒಪ್ಪಲಿಲ್ಲ.