ಪ್ರೊಸೆಸರ್ ಪುರಾಣ

ಗೃಹಸ್ಥನಾದವನು ತನ್ನ ಆಟಕ್ಕಾಗಿ ಹಣ ವೆಚ್ಚ ಮಾಡಲು ಹೊರಟರೆ ಮನೆಯಲ್ಲಿ ಕಾರಣ ಹೇಳಬೇಕಾಗುತ್ತದೆ. ಕಾರಣ ಎಷ್ಟೇ ಗಟ್ಟಿಯಾಗಿದ್ದರೂ ಹೇಳುವಾಗ ದನಿ ಮೆತ್ತಗಾಗುವುದು. ಕಂಪ್ಯೂಟರಿನ ಪ್ರೊಸೆಸರ್ ಬದಲಿಸುವ ಮಾತೆತ್ತಿದಾಗ ನನ್ನಾಕೆ ಕೇಳಿದ್ದು ಒಂದೇ ಪ್ರಶ್ನೆ: “ಪಂಪನನ್ನು ಪಾಠ ಹೇಳುವುದಕ್ಕೆ ಇಷ್ಟು ವೇಗ ಬೇಕೇ?”

ಪಂಪನಿಗೆ ಬೇಡ, ತಮ್ಮನ ಸಲುವಾಗಿ ಬೇಕು. ನಾನು ಶಿಕಾರಿಪುರದಲ್ಲಿ ಉಪನ್ಯಾಸಕ. ಅವನು ಸೊರಬದಲ್ಲಿ ಅಮ್ಮನೊಡನಿದ್ದು ತೋಟ ನೋಡಿಕೊಳ್ಳುವವನು. ಶಿರಾಳಕೊಪ್ಪ ದಾಟಿದರೆ ಅರ್ಧ ದಾರಿ ಮುಗಿಯಿತು. ಆದರೂ ತೋಟ ಪಾಲಾದ ಮೇಲೆ ಆ ದಾರಿ ಉದ್ದವಾಯಿತು. ಜಗಳವೇನೂ ಇಲ್ಲ, ಮಾತು ಕಡಿಮೆಯಾಯಿತು, ಅಷ್ಟೆ. ಉಳಿದಿರುವುದು ಭಾನುವಾರ ರಾತ್ರಿಯ ಒಂದು ಆಟ: 1999ರಲ್ಲಿ ಹುಟ್ಟಿ 2019ರಲ್ಲಿ ಹೊಸ ರೂಪ ತಾಳಿದ ‘ಏಜ್ ಆಫ್ ಎಂಪೈರ್ಸ್ 2’. ಅದರಲ್ಲಿ ನಾವಿಬ್ಬರೂ ಒಂದೇ ಪಕ್ಷ. ಕೋಟೆ ಕಟ್ಟುವ, ಆನೆ ನುಗ್ಗಿಸುವ ಗದ್ದಲದ ನಡುವೆ, “ಅಣ್ಣಾ, ಕೊಳೆರೋಗಕ್ಕೆ ಬೋರ್ಡೋ ಹೊಡೆಸಿದೆ, ಅಮ್ಮನಿಗೆ ಮಂಡಿನೋವು ಹೆಚ್ಚಿದೆ” ಎಂಬ ಸುದ್ದಿಗಳೂ ಬರುವುವು.

ಈ ಆಟದ ಒಂದು ನಿಯಮವನ್ನು ವಾಚಕರು ತಿಳಿಯಬೇಕು. ಯುದ್ಧದ ಲೆಕ್ಕವನ್ನು ಆಡುವವರ ಯಂತ್ರಗಳೆಲ್ಲವೂ ಒಂದೇ ಹೆಜ್ಜೆಯಲ್ಲಿ ಮಾಡಬೇಕು. ಒಂದು ಹಿಂದುಳಿದರೆ ಉಳಿದವು ಕಾಯಬೇಕು. ಸೈನ್ಯ ನೂರಾರಾದಾಗ ನನ್ನ 2017ರ ರೈಜನ್ 5 1600 ಏದುಸಿರು ಬಿಡುತ್ತದೆ. ಅತ್ತ ಸೊರಬದ ಹೊಸ ಯಂತ್ರದಲ್ಲಿಯೂ ಕುದುರೆಗಳು ಕಾಲೆಳೆಯುತ್ತವೆ.

ತಡ ಪ್ರೊಸೆಸರಿನದೋ, ಗ್ರಾಫಿಕ್ಸ್ ಕಾರ್ಡಿನದೋ? ಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರ ಊರು ಸೊರಬ. ಅಲ್ಲಿ ಒಬ್ಬ ರೇಖೆ ಬರೆದುಕೊಡುವವ, ಇನ್ನೊಬ್ಬ ಕೆತ್ತುವವ ಎಂದಿಟ್ಟುಕೊಳ್ಳಿ. ಕುಸುರಿಯನ್ನು ಕಡಿಮೆ ಮಾಡಿದರೂ ಕೆಲಸ ಬೇಗ ಸಾಗದಿದ್ದರೆ, ತಡ ರೇಖೆ ಬರೆಯುವವನದು. ಹಾಗೆಯೇ ಚಿತ್ರದ ರೆಸಲ್ಯೂಶನ್ ಇಳಿಸಿ ನೋಡಿದೆ, ಆಟ ಚುರುಕಾಗಲಿಲ್ಲ. ತಡ ಪ್ರೊಸೆಸರಿನದೇ ಎಂದಾಯಿತು.

ಅಂಗಡಿಯವರು ಇಡೀ ಯಂತ್ರವನ್ನೇ ಬದಲಿಸಿರೆಂದರು. ಅಷ್ಟು ಬೇಕಿಲ್ಲ. ನನ್ನ ಮದರ್‌ಬೋರ್ಡಿನ ಎಎಂ4 ಸಾಕೆಟ್ಟಿನಲ್ಲಿಯೇ 2022ರ ರೈಜನ್ 5 5600 ಕೂರುತ್ತದೆ. ತಯಾರಕರ ಪಟ್ಟಿಯಲ್ಲಿ ಅದರ ಹೆಸರಿದೆ. ಮೊದಲು ಬಯಾಸ್ ನವೀಕರಿಸಿಕೊಳ್ಳಬೇಕು, ಅಷ್ಟೆ. ಎರಡಕ್ಕೂ ಆರೇ ಕೋರು, ಎರಡಕ್ಕೂ 65 ವ್ಯಾಟ್. ಆದರೆ ಗರಿಷ್ಠ ವೇಗ 3.6 ಗಿಗಾಹರ್ಟ್ಸ್‌ನಿಂದ 4.4ಕ್ಕೆ ಏರುತ್ತದೆ, ಎಲ್3 ಕ್ಯಾಷ್ 16 ಎಂಬಿ ಇದ್ದದ್ದು 32 ಆಗುತ್ತದೆ. ಈ ಆಟಕ್ಕೆ ಮುಖ್ಯವಾದದ್ದು ಕೋರುಗಳ ಸಂಖ್ಯೆಗಿಂತ ಒಂದೊಂದರ ಚುರುಕು.

ಕ್ರಿ.ಶ. 941ರ ಆದಿಪುರಾಣದ ಭರತ-ಬಾಹುಬಲಿಯರ ಕಾಳಗವನ್ನು ವರ್ಷವರ್ಷವೂ ತರಗತಿಯಲ್ಲಿ ವಿವರಿಸುತ್ತೇನೆ. ಅಣ್ಣತಮ್ಮಂದಿರು ಒಂದೇ ಪಕ್ಷದಲ್ಲಿ ನಿಂತು ಕಾದುವ ಸುಯೋಗ ವಾರಕ್ಕೊಮ್ಮೆಯಾದರೂ ಒದಗುವುದಾದರೆ, ಅದಕ್ಕೆ ತೆರುವ ಬೆಲೆ ದುಬಾರಿಯೆನಿಸದು. ಹಬ್ಬದ ಬಟ್ಟೆಯಲ್ಲಿ ನನ್ನ ಪಾಲನ್ನು ಬಿಟ್ಟುಕೊಟ್ಟು ಪ್ರೊಸೆಸರ್ ತರಿಸುವುದೆಂದು ನಿಶ್ಚಯಿಸಿದ್ದೇನೆ. ಆಟ ನಿಂತುನಿಂತು ಸಾಗಿದಾಗಲೂ ತಮ್ಮ ಒಮ್ಮೆಯೂ ನಡುವೆ ಎದ್ದುಹೋದವನಲ್ಲ. ಅಂಥವನನ್ನು ಇನ್ನೂ ಕಾಯಿಸುವುದು ಅಣ್ಣನಾದವನಿಗೆ ಲಕ್ಷಣವಲ್ಲ.