ಫಿಕ್ಸಿಂಗಿಗೆ ನಿಯಮ ಇದೆ, ಹೊಡೆತಕ್ಕಿಲ್ಲ

2018ರ ಮಾರ್ಚ್ 7ರಂದು ಭಾರತೀಯ ಕ್ರಿಕೆಟ್ ಮಂಡಳಿ ಆಟಗಾರರ ವಾರ್ಷಿಕ ಗುತ್ತಿಗೆಯ ಪಟ್ಟಿ ಹೊರಡಿಸಿತು. ಅದರಲ್ಲಿ ಮೊಹಮ್ಮದ್ ಶಮಿ ಹೆಸರಿರಲಿಲ್ಲ. ಅದೇ ವಾರ ಅವರ ಹೆಂಡತಿ ಹಸೀನ್ ಜಹಾನ್ ಗಂಡನ ಮೇಲೆ ಆರೋಪ ಮಾಡಿ ಕೋಲ್ಕತ್ತದಲ್ಲಿ ಪೊಲೀಸರ ಬಳಿ ಹೋಗಿದ್ದರು. ಆಕೆಯ ಮಾತಿನಲ್ಲಿ ಎರಡು ಸಂಗತಿಗಳಿದ್ದವು. ಗಂಡ ಹೊಡೆಯುತ್ತಾನೆ, ಹಿಂಸೆ ಕೊಡುತ್ತಾನೆ ಎನ್ನುವುದು ಒಂದು. ಯಾರಿಂದಲೋ ಸಂಶಯದ ಹಣ ಪಡೆದಿದ್ದಾನೆ ಎನ್ನುವುದು ಇನ್ನೊಂದು.

ಮಂಡಳಿ ಎರಡನೆಯದನ್ನು ಕೈಗೆತ್ತಿಕೊಂಡಿತು. ದೆಹಲಿಯ ಪೊಲೀಸ್ ಆಯುಕ್ತರಾಗಿ ನಿವೃತ್ತರಾಗಿದ್ದ ನೀರಜ್ ಕುಮಾರ್ ಆಗ ಮಂಡಳಿಯ ಭ್ರಷ್ಟಾಚಾರ ತಡೆ ಘಟಕದ ಮುಖ್ಯಸ್ಥರು. ತನಿಖೆ ಅವರಿಗೆ ಹೋಯಿತು. ಶಮಿ ಆ ವರ್ಷದ ಐಪಿಎಲ್ ಆಡಬೇಕೋ ಬೇಡವೋ ಎಂಬುದೂ ಅವರ ವರದಿಯ ಮೇಲೆಯೇ ನಿಂತಿತು. ಮಾರ್ಚ್ 22ಕ್ಕೆ ಎಲ್ಲ ಮುಗಿಯಿತು. ಹಣದ ಆರೋಪದಲ್ಲಿ ಹುರುಳಿಲ್ಲ ಎಂದಾಯಿತು, ಶಮಿಗೆ ಬಿ ದರ್ಜೆಯ ಗುತ್ತಿಗೆ ಸಿಕ್ಕಿತು, ವರ್ಷಕ್ಕೆ 3 ಕೋಟಿ ರೂಪಾಯಿ.

ಮೊದಲನೆಯ ಆರೋಪವನ್ನು ಮಂಡಳಿ ಯಾವ ಕಡತದಲ್ಲಿ ಇಟ್ಟಿತು? ಎಷ್ಟೋ ವರ್ಷಗಳಿಂದ ನನ್ನನ್ನು ಬಿಡದೆ ಕಾಡುತ್ತಿರುವ ಪ್ರಶ್ನೆ ಇದು.

*

ಇದನ್ನು ಬರೆದೇ ಮುಂದೆ ಹೋಗಬೇಕು: ಶಮಿ ಎಲ್ಲ ಆರೋಪಗಳನ್ನೂ ಅಲ್ಲಗಳೆದಿದ್ದಾರೆ. ಅವರು ಅಪರಾಧಿ ಎಂದು ಯಾವ ನ್ಯಾಯಾಲಯವೂ ಹೇಳಿಲ್ಲ. ಪೊಲೀಸರು 2019ರ ಮಾರ್ಚ್‌ನಲ್ಲಿ ಆರೋಪಪಟ್ಟಿ ಸಲ್ಲಿಸಿದರು. ಸೆಪ್ಟೆಂಬರ್‌ನಲ್ಲಿ ಅಲಿಪುರದ ಕೋರ್ಟು ಬಂಧನದ ವಾರಂಟ್ ಹೊರಡಿಸಿತು, ಮೇಲಿನ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಆರೋಪಪಟ್ಟಿ ನೋಡಿದ ಮೇಲೆ ಯೋಚಿಸೋಣ ಎಂಬ ಅರ್ಥದ ಮಾತು ಆಗ ಮಂಡಳಿಯ ಕಡೆಯಿಂದ ಪತ್ರಿಕೆಗಳಲ್ಲಿ ಬಂತು. ಆರೋಪಪಟ್ಟಿ ಸಲ್ಲಿಕೆಯಾಗಿ ಅಷ್ಟು ಹೊತ್ತಿಗೆ ಆರು ತಿಂಗಳಾಗುತ್ತ ಬಂದಿತ್ತು.

ಹೆಂಡತಿ ಮತ್ತು ಮಗಳಿಗೆ ತಿಂಗಳಿಗೆ 4 ಲಕ್ಷ ರೂಪಾಯಿ ಮಧ್ಯಂತರ ಜೀವನಾಂಶ ಕೊಡಬೇಕೆಂದು ಕಲ್ಕತ್ತಾ ಹೈಕೋರ್ಟು ಆದೇಶಿಸಿದ್ದು 2025ರ ಜುಲೈನಲ್ಲಿ. ದೂರಿನಿಂದ ಆ ಆದೇಶದವರೆಗೆ ಏಳು ವರ್ಷ. ಆ ಏಳು ವರ್ಷದಲ್ಲಿ ಎರಡು ಏಕದಿನ ವಿಶ್ವಕಪ್ ಬಂದು ಹೋದವು. ಎರಡನೆಯದರ ಸೆಮಿಫೈನಲ್‌ನಲ್ಲಿ, 2023ರ ನವೆಂಬರ್ 15ರಂದು ವಾಂಖೆಡೆಯಲ್ಲಿ, ಶಮಿ 57 ರನ್ನಿಗೆ 7 ವಿಕೆಟ್ ಕಿತ್ತರು. ನಮ್ಮೂರು ಪಾರಿಶ್ವಾಡದಲ್ಲಿ ಆ ರಾತ್ರಿ ಪಟಾಕಿ ಸಿಡಿದವು.

*

ನಮ್ಮೂರು ಖಾನಾಪುರ ತಾಲ್ಲೂಕಿನ ಪೂರ್ವದ ಅಂಚಿನದು. ಇಟಗಿ, ಬೀಡಿ, ಗಂದಿಗವಾಡಗಳ ಹಾಗೆ ಕನ್ನಡದ ಊರು. ಇಲ್ಲಿನ ಹುಡುಗರಿಗೆ ಕ್ರಿಕೆಟ್ ಎಂದರೆ ಊಟಕ್ಕಿಂತ ಹೆಚ್ಚು. ಚಹಾದಂಗಡಿಯಲ್ಲಿ ಒಮ್ಮೆ ಈ ವಿಷಯ ತೆಗೆದೆ. ಒಬ್ಬ ಹುಡುಗ ಹೇಳಿದ: ‘ಅವ್ರ ಮನ್ಯಾಂದು ನಮಗ್ಯಾಕ್ರಿ ಕಾಕಾ, ಬಾಲ್ ಹೆಂಗ ಹಾಕ್ತಾನ ಅದನ್ನ ನೋಡ್ರಿ.’ ಅವನು ಕೆಟ್ಟ ಹುಡುಗನಲ್ಲ. ತಾಯಿಯ ಔಷಧಿಗಾಗಿ ವಾರವಾರ ಬೆಳಗಾವಿಗೆ ಬಸ್ಸು ಹತ್ತುವವನು. ಮಂಡಳಿಯ ದೊಡ್ಡವರು ಮಾಡಿದ್ದನ್ನೇ ಅವನು ಬಾಯಿಬಿಟ್ಟು ಹೇಳಿದ, ಅಷ್ಟೆ.

ಅಲ್ಲೇ ಹೂವು ಕಟ್ಟುತ್ತ ಕುಳಿತಿದ್ದ ಹೆಣ್ಣುಮಗಳು ತಲೆ ಎತ್ತಲಿಲ್ಲ. ‘ಹೊಡಸ್ಕೊಂಡಾಕಿಗಿ ಗೊತ್ತರಿ ಅಣ್ಣಾರ’ ಎಂದಷ್ಟೇ ಅಂದಳು.

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಶೇ. 44ರಷ್ಟು ಮಂದಿ ಗಂಡನ ಹಿಂಸೆ ಕಂಡವರು. ದೇಶದಲ್ಲೇ ಅತಿ ಹೆಚ್ಚು. ದೇಶದ ಸರಾಸರಿ ಶೇ. 29. ಇಂಥ ನಾಡಿನಲ್ಲಿ ಹುಡುಗರು ಕಣ್ಣು ಕೀಲಿಸಿ ನೋಡುವ ಸಂಸ್ಥೆಯೊಂದು ಈ ವಿಷಯದಲ್ಲಿ ಬಾಯಿ ಮುಚ್ಚಿ ಕುಳಿತರೆ, ಅದೂ ಒಂದು ಪಾಠ ಕಲಿಸಿದ ಹಾಗೆಯೇ.

*

ಬೆಳಗಾವಿಯ ಹೆಸರು ಹೊತ್ತ ತಂಡದ ಕಥೆ ನನ್ನ ಗೊಂದಲವನ್ನು ಇನ್ನೂ ಹೆಚ್ಚಿಸುತ್ತದೆ.

ಬೆಳಗಾವಿ ಪ್ಯಾಂಥರ್ಸ್ 2017ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಗೆದ್ದ ತಂಡ. 2019ರ ಸೆಪ್ಟೆಂಬರ್‌ನಲ್ಲಿ ಅದರ ಮಾಲೀಕರು ಬೆಟ್ಟಿಂಗ್ ಮತ್ತು ಫಿಕ್ಸಿಂಗ್ ಆರೋಪದಲ್ಲಿ ಬೆಂಗಳೂರಿನಲ್ಲಿ ಬಂಧನಕ್ಕೊಳಗಾದರು. ನವೆಂಬರ್‌ನಲ್ಲಿ ಬಳ್ಳಾರಿ ತಂಡದ ನಾಯಕ ಸಿ.ಎಂ. ಗೌತಮ್ ಮತ್ತು ಅಬ್ರಾರ್ ಕಾಜಿ ಅವರ ಬಂಧನವೂ ಆಯಿತು. ಲೀಗೇ ನಿಂತುಹೋಯಿತು. 2022ರಲ್ಲಿ ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನಲ್ಲಿ ಬರುವವರೆಗೆ ರಾಜ್ಯದಲ್ಲಿ ಅಂಥ ಟೂರ್ನಿ ಇರಲಿಲ್ಲ.

ಕೊನೆಗೆ ಕರ್ನಾಟಕ ಹೈಕೋರ್ಟು ಏನು ಹೇಳಿತು? 2022ರ ಜನವರಿಯಲ್ಲಿ ಆ ಪ್ರಕರಣದ ಆರೋಪಪಟ್ಟಿಯನ್ನು ರದ್ದು ಮಾಡಿತು. ಮ್ಯಾಚ್ ಫಿಕ್ಸಿಂಗ್ ಆಟಗಾರನ ಅಪ್ರಾಮಾಣಿಕತೆ, ಅಶಿಸ್ತು ತೋರಿಸಬಹುದು. ಆದರೆ ಅದು ದಂಡಸಂಹಿತೆಯ ವಂಚನೆಯ ಕಲಮಿನೊಳಗೆ ಬರುವುದಿಲ್ಲ. ಶಿಸ್ತುಕ್ರಮ ಕೈಗೊಳ್ಳುವ ಅಧಿಕಾರ ಕ್ರಿಕೆಟ್ ಮಂಡಳಿಯದು ಎಂದಿತು.

ಇದನ್ನು ಶಮಿ ಪ್ರಕರಣದ ಪಕ್ಕ ಇಟ್ಟು ನೋಡಿ. ಫಿಕ್ಸಿಂಗ್ ವಂಚನೆಯ ಅಪರಾಧವೇ ಅಲ್ಲ ಎಂದು ನಮ್ಮ ಹೈಕೋರ್ಟು ಹೇಳಿದೆ, ಆದರೂ ಅದಕ್ಕೆ ಮಂಡಳಿಯಲ್ಲಿ ಪ್ರತ್ಯೇಕ ಘಟಕವಿದೆ, ನಿಯಮಾವಳಿಯಿದೆ, ನಿವೃತ್ತ ಪೊಲೀಸ್ ಅಧಿಕಾರಿಗಳಿದ್ದಾರೆ, ವರದಿ ಎರಡು ವಾರದಲ್ಲಿ ಬರುತ್ತದೆ. ಹೆಂಡತಿಗೆ ಹಿಂಸೆ ಕೊಡುವುದು 1983ರಿಂದ 498ಎ ಕಲಮಿನಡಿ ಅಪರಾಧ, ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು. ಅದರ ಮೇಲೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯೂ ಇದೆ. ಅದಕ್ಕೆ ಮಾತ್ರ ಮಂಡಳಿಯಲ್ಲಿ ಘಟಕವಿಲ್ಲ, ಅಧಿಕಾರಿಯಿಲ್ಲ, ಗಡುವಿಲ್ಲ. ಕಾನೂನಿನ ತಕ್ಕಡಿಯೂ ಆಟದ ತಕ್ಕಡಿಯೂ ಹೀಗೆ ತಿರುಗುಮುರುಗಾಗಿ ತೂಗುವುದು ಹೇಗೆ?

*

ಮಂಡಳಿಗೆ ಬೇಗ ಓಡಲು ಬರುವುದಿಲ್ಲ ಎನ್ನುವ ಹಾಗೂ ಇಲ್ಲ. 2019ರ ಜನವರಿಯಲ್ಲಿ ಪ್ರಸಾರವಾದ ‘ಕಾಫಿ ವಿತ್ ಕರಣ್’ ಕಾರ್ಯಕ್ರಮದಲ್ಲಿ ನಮ್ಮ ಕೆ.ಎಲ್. ರಾಹುಲ್ ಮತ್ತು ಹಾರ್ದಿಕ್ ಪಾಂಡ್ಯ ಕುಳಿತಿದ್ದರು. ಅಲ್ಲಿ ಹೆಂಗಸರ ಬಗ್ಗೆ, ಮುಖ್ಯವಾಗಿ ಪಾಂಡ್ಯ, ಆಡಿದ ಹಗುರ ಮಾತು ದೊಡ್ಡ ಗದ್ದಲವಾಯಿತು. ಕಾರ್ಯಕ್ರಮ ಪ್ರಸಾರವಾದ ಒಂದೇ ವಾರದೊಳಗೆ ಇಬ್ಬರನ್ನೂ ಅಮಾನತು ಮಾಡಿ ಆಸ್ಟ್ರೇಲಿಯಾ ಪ್ರವಾಸದಿಂದ ವಾಪಸು ಕರೆಸಿದರು. ಏಪ್ರಿಲ್‌ನಲ್ಲಿ ಮಂಡಳಿಯ ಒಂಬುಡ್ಸ್‌ಮನ್ ಡಿ.ಕೆ. ಜೈನ್ ತಲಾ 20 ಲಕ್ಷ ದಂಡ ಹಾಕಿದರು. ಕರ್ತವ್ಯದಲ್ಲಿ ಮಡಿದ ಅರೆಸೇನಾ ಪಡೆಯ ಹತ್ತು ಪೇದೆಗಳ ಪತ್ನಿಯರಿಗೆ ತಲಾ 1 ಲಕ್ಷ, ಉಳಿದದ್ದು ಅಂಧರ ಕ್ರಿಕೆಟ್ಟಿಗೆ. ಒಳ್ಳೆಯ ತೀರ್ಮಾನ, ಅದರಲ್ಲಿ ನನಗೆ ತಕರಾರಿಲ್ಲ.

ಟಿವಿಯಲ್ಲಿ ಆಡಿದ ಮಾತಿಗೆ ಇಷ್ಟು ವೇಗ ಇದ್ದರೆ, ಪೊಲೀಸ್ ಠಾಣೆಯಲ್ಲಿ ದಾಖಲಾದ ದೂರಿಗೆ ಯಾಕಿಲ್ಲ? ಮಾತನ್ನು ಜನ ನೋಡಿದ್ದರು, ಮನೆಯ ಗೋಡೆಯೊಳಗಿನದನ್ನು ನೋಡಿರಲಿಲ್ಲ. ನನಗೆ ಹೊಳೆಯುವ ಉತ್ತರ ಇದೊಂದೇ.

*

ಬೆಂಗಳೂರಿನ ನಂಟಿರುವ ಎರಡು ಸಂಗತಿ. ಎರಡೂ ಗಂಡ-ಹೆಂಡತಿಯ ಪ್ರಕರಣಗಳಲ್ಲ, ಆದರೆ ದೂರದವೂ ಅಲ್ಲ.

2012ರಲ್ಲಿ ರಾಯಲ್ ಚಾಲೆಂಜರ್ಸ್‌ನ ಲ್ಯೂಕ್ ಪೋಮರ್ಸ್‌ಬಾಕ್ ಅವರನ್ನು ದೆಹಲಿಯ ಹೋಟೆಲಿನಲ್ಲಿ ಮಹಿಳೆಯೊಬ್ಬರಿಗೆ ಕಿರುಕುಳ ಕೊಟ್ಟ ಮತ್ತು ಅವರ ಜೊತೆಗಾರನಿಗೆ ಹೊಡೆದ ಆರೋಪದಲ್ಲಿ ಬಂಧಿಸಿದರು. ತಂಡ ಅವರನ್ನು ಅಮಾನತು ಮಾಡಿತು. ಆದರೆ ತಂಡದ ಮಾಲೀಕರ ಮಗ ಟ್ವಿಟರಿನಲ್ಲಿ ದೂರು ಕೊಟ್ಟ ಹೆಣ್ಣಿನ ನಡತೆಯ ಮೇಲೆಯೇ ಬರೆದರು, ರಾಷ್ಟ್ರೀಯ ಮಹಿಳಾ ಆಯೋಗ ಅದನ್ನು ವಿರೋಧಿಸಿತು. ಪ್ರಕರಣ ರಾಜಿಯಲ್ಲಿ ಮುಗಿಯಿತು.

2015ರ ಅಕ್ಟೋಬರ್ 27ರಂದು ಲೆಗ್ ಸ್ಪಿನ್ನರ್ ಅಮಿತ್ ಮಿಶ್ರಾ ಅವರನ್ನು ಬೆಂಗಳೂರಿನ ಅಶೋಕನಗರ ಪೊಲೀಸರು ಬಂಧಿಸಿ ಜಾಮೀನಿನ ಮೇಲೆ ಬಿಟ್ಟರು. ಭಾರತ ತಂಡದ ಶಿಬಿರದ ವೇಳೆ ಹೋಟೆಲಿನಲ್ಲಿ ಪರಿಚಯದ ಮಹಿಳೆಯ ಮೇಲೆ ಹಲ್ಲೆ ನಡೆಸಿದರು ಎಂಬುದು ಆರೋಪ. ನವೆಂಬರ್ 5ರಂದು ಅವರು ಮೊಹಾಲಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಟೆಸ್ಟ್ ಆಡಿದರು.

*

ಹೊರದೇಶದವರೂ ಮೊದಲೇ ಜಾಣರಾಗಿರಲಿಲ್ಲ. ಅಮೆರಿಕನ್ ಫುಟ್‌ಬಾಲ್ ಆಟಗಾರ ರೇ ರೈಸ್ 2014ರ ಫೆಬ್ರವರಿಯಲ್ಲಿ ಅಟ್ಲಾಂಟಿಕ್ ಸಿಟಿಯ ಕ್ಯಾಸಿನೊ ಲಿಫ್ಟಿನಲ್ಲಿ ಮದುವೆಯಾಗಲಿದ್ದ ಹೆಣ್ಣನ್ನು ಹೊಡೆದು ಪ್ರಜ್ಞೆ ತಪ್ಪಿಸಿದ. ಲೀಗ್ ಜುಲೈನಲ್ಲಿ ಕೊಟ್ಟ ಶಿಕ್ಷೆ ಎರಡು ಪಂದ್ಯ. ಜನ ರೊಚ್ಚಿಗೆದ್ದ ಮೇಲೆ ಆಗಸ್ಟ್‌ನಲ್ಲಿ ನಿಯಮ ಬದಲಾಗಿ ಮೊದಲ ತಪ್ಪಿಗೆ ಆರು ಪಂದ್ಯ ಎಂದಾಯಿತು. ಸೆಪ್ಟೆಂಬರ್ 8ರಂದು ಲಿಫ್ಟಿನೊಳಗಿನ ವಿಡಿಯೊ ಹೊರಬಂತು. ಅದೇ ದಿನ ತಂಡ ಕೈಬಿಟ್ಟಿತು, ಲೀಗ್ ಅನಿರ್ದಿಷ್ಟ ಕಾಲ ಹೊರಗಿಟ್ಟಿತು. ಒಂದೇ ತಪ್ಪಿಗೆ ಎರಡನೇ ಸಲ ಶಿಕ್ಷೆ ಕೊಡುವಂತಿಲ್ಲ ಎಂದು ನವೆಂಬರ್‌ನಲ್ಲಿ ಮಧ್ಯಸ್ಥಿಕೆದಾರರು ಅದನ್ನು ತೆಗೆದುಹಾಕಿದರು. ಹೊಡೆತ ಫೆಬ್ರವರಿಯಲ್ಲೂ ಅದೇ, ಸೆಪ್ಟೆಂಬರಿನಲ್ಲೂ ಅದೇ. ನಡುವೆ ಬದಲಾದದ್ದು ನೋಡಿದವರ ಸಂಖ್ಯೆ.

ಅದರಿಂದ ಪಾಠ ಕಲಿತದ್ದು ಬೇಸ್‌ಬಾಲಿನವರು. 2015ರ ಆಗಸ್ಟ್‌ನಲ್ಲಿ ಆಟಗಾರರ ಸಂಘವನ್ನೂ ಕೂಡಿಸಿಕೊಂಡು ಕೌಟುಂಬಿಕ ಹಿಂಸೆಗೆಂದೇ ನೀತಿ ಬರೆದರು. ದೂರು ಬಂದರೆ ತನಿಖೆ ನಡೆಯುವವರೆಗೆ ಆಟಗಾರನನ್ನು ಸಂಬಳದ ರಜೆಯ ಮೇಲೆ ಕೂಡಿಸಬಹುದು. ಕೋರ್ಟು ಅಪರಾಧಿ ಎನ್ನುವವರೆಗೆ ಕಾಯಬೇಕಿಲ್ಲ, ಆಪ್ತಸಮಾಲೋಚನೆ ಮತ್ತು ಚಿಕಿತ್ಸೆಯೂ ನೀತಿಯ ಭಾಗ. ಅದರಡಿ ಮೊದಲ ಶಿಕ್ಷೆ 2016ರಲ್ಲಿ ಅರೋಲ್ಡಿಸ್ ಚಾಪ್ಮನ್‌ಗೆ, 30 ಪಂದ್ಯ. ಅವರ ಮೇಲೆ ಕೋರ್ಟಿನಲ್ಲಿ ಆರೋಪವೇ ದಾಖಲಾಗಿರಲಿಲ್ಲ.

ಆಸ್ಟ್ರೇಲಿಯಾದ ರಗ್ಬಿ ಲೀಗ್ 2019ರಲ್ಲಿ ಇನ್ನೊಂದು ದಾರಿ ಹಿಡಿಯಿತು. 11 ವರ್ಷ ಅಥವಾ ಹೆಚ್ಚು ಜೈಲಾಗಬಹುದಾದ ಆರೋಪ ಹೊತ್ತವನು ತೀರ್ಪು ಬರುವವರೆಗೆ ಪಂದ್ಯ ಆಡುವಂತಿಲ್ಲ. ಸಂಬಳ ಸಿಗುತ್ತದೆ, ಅಭ್ಯಾಸ ಮಾಡಬಹುದು. ತಪ್ಪು ಮಾಡಿದ್ದಾನೆ ಎಂದು ಅದರ ಅರ್ಥವಲ್ಲ ಎಂದೂ ನಿಯಮ ಹೇಳುತ್ತದೆ.

*

‘ಸುಳ್ಳು ದೂರು ಕೊಟ್ರ ಆಟಗಾರನ ಬಾಳೇ ಹಾಳಾತಲ್ರಿ?’ ಈ ಮಾತನ್ನು ಖಾನಾಪುರದ ವಕೀಲರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ.

2025ರ ಫೆಬ್ರವರಿಯಲ್ಲಿ ವಿಶ್ವ ಚಾಂಪಿಯನ್ ಬಾಕ್ಸರ್ ಸವೀಟಿ ಬೂರಾ ತನ್ನ ಗಂಡ, ಪ್ರೊ ಕಬಡ್ಡಿಯ ಹೆಸರಾಂತ ಆಟಗಾರ ದೀಪಕ್ ಹೂಡಾ ಮೇಲೆ ಹಿಸಾರ್‌ನಲ್ಲಿ ವರದಕ್ಷಿಣೆ ಹಿಂಸೆಯ ದೂರು ಕೊಟ್ಟರು. ಗಂಡನೂ ಪ್ರತಿದೂರು ಕೊಟ್ಟರು. ಮಾರ್ಚ್‌ನಲ್ಲಿ ಠಾಣೆಯೊಳಗೆ ಆಕೆ ಗಂಡನ ಮೇಲೆ ಎರಗಿದ ವಿಡಿಯೊ ದೇಶವೆಲ್ಲ ಹರಡಿತು. ಯಾರ ಮಾತು ನಿಜ ಎಂದು ನಾವು ನೀವು ಮೊಬೈಲಿನಲ್ಲಿ ತೀರ್ಮಾನಿಸಲಾಗದು. ಅದಕ್ಕೇ ಎರಡೂ ಕಡೆ ಕೇಳುವ ಸ್ವತಂತ್ರ ವಿಚಾರಣೆ ಬೇಕು. ಆಟಗಾರನ ಹೆಸರು ಉಳಿಸುವುದೂ ಅಂಥ ವಿಚಾರಣೆಯೇ. ಶ್ರೀಲಂಕಾದ ಕ್ರಿಕೆಟಿಗ ದನುಷ್ಕ ಗುಣತಿಲಕ 2022ರಲ್ಲಿ ಸಿಡ್ನಿಯಲ್ಲಿ ಬಂಧನಕ್ಕೊಳಗಾದಾಗ ಶ್ರೀಲಂಕಾ ಮಂಡಳಿ ಅವರನ್ನು ಅಮಾನತು ಮಾಡಿತು. 2023ರಲ್ಲಿ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿದ ಮೇಲೆ ನಿಷೇಧ ತೆರವಾಯಿತು.

ನಮ್ಮ ಸರ್ಕಾರಿ ನೌಕರಿಯಲ್ಲಿ ಇದು ಹೊಸದೇನಲ್ಲ. ಪಾರಿಶ್ವಾಡದ ಶಾಲೆಯ ಒಬ್ಬ ಮಾಸ್ತರರು ಯಾವುದೇ ಅಪರಾಧದ ಆರೋಪದಲ್ಲಿ 48 ಗಂಟೆಗಿಂತ ಹೆಚ್ಚು ಬಂಧನದಲ್ಲಿದ್ದರೆ 1957ರ ಕರ್ನಾಟಕ ನಾಗರಿಕ ಸೇವಾ ನಿಯಮಗಳಡಿ ತಾವಾಗಿಯೇ ಅಮಾನತಾಗುತ್ತಾರೆ, ಜೀವನಾಧಾರ ಭತ್ಯೆ ಬರುತ್ತಿರುತ್ತದೆ. ಅಮಾನತು ಶಿಕ್ಷೆಯಲ್ಲ ಎನ್ನುವುದು ಮಾಸ್ತರರ ಮನೆಯವರಿಗೂ ಗೊತ್ತು. ಕೋಟಿ ಸಂಬಳದ ಆಟಗಾರನಿಗೆ ಮಾಸ್ತರರಿಗಿರುವಷ್ಟಾದರೂ ನಿಯಮ ಬೇಡವೇ?

*

ಬರೀ ಕಠಿಣ ಶಿಕ್ಷೆಯಿಂದ ಎಲ್ಲ ಸರಿಹೋಗುತ್ತದೆ ಎಂದೂ ನನಗೆ ಅನಿಸುವುದಿಲ್ಲ. ಈ ಭಾಗದ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಹೇಳಿದ್ದು ಮನಸ್ಸಿನಲ್ಲಿ ನಿಂತಿದೆ: ‘ಗಂಡನ ಕೆಲಸ ಹೋಗ್ತೈತಿ ಅಂದ್ರ ಯಾವಾಕಿ ಬಾಯಿ ಬಿಡ್ತಾಳ್ರಿ? ಮಕ್ಕಳ ಹೊಟ್ಟಿ ನೋಡ್ಬೇಕಲ್ರಿ.’ ರೇ ರೈಸ್‌ನ ಹೆಂಡತಿಯೂ ಗಂಡನ ಪಕ್ಕದಲ್ಲೇ ಕುಳಿತು ಪತ್ರಕರ್ತರೊಡನೆ ಮಾತಾಡಿದಳು, ಅವನ ಕೆಲಸ ಹೋದಾಗ ಆಕೆಯೂ ನೊಂದಳು. ನಿಯಮ ಬರೆಯುವವರು ಇದನ್ನು ಮೊದಲು ಯೋಚಿಸಬೇಕು. ಸಂಬಳ ನಿಲ್ಲಿಸಿದರೆ ಪೆಟ್ಟು ಬೀಳುವುದು ದೂರು ಕೊಟ್ಟವಳ ಅಡುಗೆಮನೆಗೂ ಹೌದು. ಆದ್ದರಿಂದ ಸಂಬಳದ ರಜೆ, ಆ ಸಂಬಳದಲ್ಲಿ ಒಂದು ಪಾಲು ನೇರ ಹೆಂಡತಿ ಮಕ್ಕಳಿಗೆ, ಆಕೆಯ ಪರವಾಗಿ ವಕೀಲರು, ಉಳಿಯಲು ಸುರಕ್ಷಿತ ಜಾಗ.

*

ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಗೆ ನನ್ನ ಬೇಡಿಕೆ ಇಷ್ಟು. ಫಿಕ್ಸಿಂಗ್ ಬಂದಾಗ ನೀವು ಇಡೀ ಲೀಗನ್ನೇ ನಿಲ್ಲಿಸಿ ಹೊಸದು ಕಟ್ಟಿದವರು. ಮಹಾರಾಜ ಟ್ರೋಫಿಯ ಮುಂದಿನ ಹರಾಜಿಗೆ ಮೊದಲು ಆಟಗಾರರ ಕರಾರಿನಲ್ಲಿ ಒಂದು ಪುಟ ಸೇರಿಸಿ. ಮನೆಯೊಳಗಿನ ಹಿಂಸೆಯ ಬಗ್ಗೆ ಪೊಲೀಸ್ ಪ್ರಕರಣ ದಾಖಲಾದರೆ ಯಾರು ವಿಚಾರಿಸುತ್ತಾರೆ, ಎಷ್ಟು ದಿನದಲ್ಲಿ, ಅಲ್ಲಿಯವರೆಗೆ ಆಟಗಾರ ಎಲ್ಲಿರುತ್ತಾನೆ, ದೂರು ಕೊಟ್ಟವಳ ಹೆಸರನ್ನು ಯಾರು ಕಾಪಾಡುತ್ತಾರೆ ಎಂಬುದು ಅದರಲ್ಲಿರಲಿ. ವಿಚಾರಣೆ ಮಾಡುವವರಲ್ಲಿ ತಂಡದ ಮಾಲೀಕರ ಕಡೆಯವರು ಯಾರೂ ಬೇಡ.

ಇದನ್ನು ಓದುತ್ತಿರುವ ಅಕ್ಕ ತಂಗಿಯರಿಗೆ ಇನ್ನೊಂದು ಮಾತು. 2005ರ ಕಾಯ್ದೆಯಡಿ ರಕ್ಷಣಾಧಿಕಾರಿ ಎಂದರೆ ನಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಎಲ್ಲರೂ ಸಿಡಿಪಿಒ ಎಂದು ಕರೆಯುವವರು. ಕಚೇರಿ ಖಾನಾಪುರದಲ್ಲೇ ಇದೆ. ಅಲ್ಲಿಗೆ ಹೋಗಲಾಗದಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.